ಪದ ಮುಗಿಯುವ ತನಕ

ಕಂಬಳಿ ಮಗ್ಗದ ಕುಣಿಯಲ್ಲಿ ಹತ್ತು ತಾಸು ಕಾಲು ಇಳಿಬಿಟ್ಟು ಕೂತವನಿಗೆ, ಎದ್ದಾಗ ಆ ಕಾಲು ತನ್ನವು ಅನ್ನಿಸುವುದಿಲ್ಲ. ಮಳೆಗಾಲದಲ್ಲಿ ಕುಣಿಯ ತಳದಲ್ಲಿ ನೀರು ಜಿನುಗಿ ಬೆರಳಸಂದು ಬೆಳ್ಳಗೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಉಣ್ಣೆಯ ಧೂಳು ಮೂಗು ಬಾಯಿ ಕಟ್ಟುತ್ತದೆ, ಉಗುಳಿದರೆ ಕರಿ ಎಳೆ ಬೀಳುತ್ತದೆ. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಕಂಬಳಿ ಕಾರಖಾನೆಯಲ್ಲಿ ಇಂಥ ಹದಿನಾಲ್ಕು ಕುಣಿಗಳಿದ್ದವು. ಅವುಗಳಲ್ಲಿ ಕೂತವರು ಬಹುತೇಕ ಬೋರಾಮಣಿ ಕಡೆಯ ಕುರುಬರು. ಹುಲ್ಲುಗಾವಲು ಕೈತಪ್ಪಿ, ಕುರಿ ಮಾರಿ, ಕೂಲಿಕಾರರ ಸಾಲುಮನೆಯ ಚಾಳಿಗೆ ಬಂದು ಬಿದ್ದವರು. ಕುರಿ ಹೋದರೂ ಉಣ್ಣೆ ಅವರ ಬೆನ್ನು ಬಿಡಲಿಲ್ಲ.

ಧರೆಪ್ಪನೂ ಎಂಟು ವರ್ಷ ಆ ಕುಣಿಯಲ್ಲಿ ಕೂತವನೇ. ಮೊಣಕಾಲು ಹಿಡಿದ ಮೇಲೆ ಅವನನ್ನು ಎಳೆಗೆ ಹಚ್ಚುವ ಹುಣಸೆಬೀಜದ ಗಂಜಿ ಕುದಿಸಲು ಹಾಕಿದರು. ಮಗಳು ಬೀರವ್ವ ಅದೇ ಕಾರಖಾನೆಯಲ್ಲಿ ಉಣ್ಣೆ ಹಿಂಜುತ್ತಿದ್ದಳು. ಅಳಿಯ ಖಂಡಪ್ಪ ಆರನೇ ಮಗ್ಗದವ. ತಾಯಿಯಿಲ್ಲದ ಮಗಳನ್ನು ದೂರ ಕೊಡಲಾರದೆ ಧರೆಪ್ಪ ಅಳಿಯನನ್ನೇ ಮನೆಗೆ ತಂದುಕೊಂಡಿದ್ದ. ಕಾರಖಾನೆಯ ಹಿಂದಿನ ಚಾಳಿಯಲ್ಲಿ ಮೂವರ ಬದುಕು ನಡೆದಿತ್ತು.

ಮೊದಲು ಅಲ್ಲಿ ಕೆಲಸ ಮಾಡಿಸಲು ಒಬ್ಬ ಮುಕಾದಮನಿದ್ದ. ತಾಯಿ ಹೆಸರು ಹಿಡಿದು ಬೈಯುತ್ತಿದ್ದ, ಕೈಯಲ್ಲಿ ಬಾರುಕೋಲು. ಜನ ಅವನೆದುರು ತಲೆ ತಗ್ಗಿಸಿ, ಅವನು ಆಚೆ ಹೋದೊಡನೆ ಕೈ ನಿಲ್ಲಿಸುತ್ತಿದ್ದರು. ಬೈಗುಳಕ್ಕೆ ತಕ್ಕಷ್ಟೇ ಕೆಲಸ. ಆ ಲೆಕ್ಕ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೊಂದಿಕೊಂಡಿದ್ದರು.

ಆ ಮುಕಾದಮನನ್ನು ತೆಗೆದು ಕಾರಖಾನೆಯ ಮಾಲಕ, ಅಕ್ಕಲಕೋಟದ ಶೇಠಜಿ, ಅಣ್ಣಾರಾಯನೆಂಬವನನ್ನು ಮ್ಯಾನೇಜರನಾಗಿ ತಂದ. ಇಲ್ಲಿಯವನೇ, ಮುಂಬಯಿಯಲ್ಲಿ ಓದಿದವನು, ಬಿಳಿ ಧೋತರ, ಕಿಸೆಯಲ್ಲಿ ಗಡಿಯಾರ. ಬಂದ ದಿನವೇ ಬಾರುಕೋಲು ಮುರಿಸಿ ಒಲೆಗೆ ಹಾಕಿಸಿದ. ಎರಡು ಹೊತ್ತು ಬೆಲ್ಲದ ಚಹಾ ಇಟ್ಟ. ಎಲ್ಲರನ್ನೂ ಅಣ್ಣಾ, ತಾಯಿ ಎಂದೇ ಕರೆದ. ತಿಂಗಳಿಗೊಮ್ಮೆ ಹೆಚ್ಚು ನೇಯ್ದವನಿಗೆ ಎಲ್ಲರೆದುರು ತಾನೇ ಕೈಯಾರೆ ತಲೆಗೆ ಗುಲಾಬಿ ಫೇಟಾ ಸುತ್ತಿದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಪಗಾರ ಮಾತ್ರ ಮೊದಲು ಎಷ್ಟಿತ್ತೋ ಅಷ್ಟೇ.

ಆದರೂ ಜನ ಕರಗಿದರು. ಬೈಗುಳ ಕೇಳಿ ಕೇಳಿ ಕಿವಿ ಕಿವುಡಾದವರು ಒಂದು ಸಿಹಿ ಮಾತಿಗೆ ಎಷ್ಟು ಅಗ್ಗಕ್ಕೆ ಹೋಗುತ್ತಾರೆಂದು ಅಣ್ಣಾರಾಯನಿಗೆ ಗೊತ್ತಿತ್ತು.

ಒಂದು ದಿನ ಅವನು ಗಂಜಿಯ ಒಲೆಯ ಬಳಿ ಬಂದು, ಧರೆಪ್ಪನ ಪಕ್ಕದಲ್ಲಿ ನೆಲದ ಮೇಲೇ ಕೂತ. ಬೋರಾಮಣಿಯಲ್ಲಿ ಕುರುಬರ ದೇವರು ಬೀರೋಬಾನ ಡೊಳ್ಳು ಬಾರಿಸುವ ಮನೆತನ ನಿಮ್ಮದಂತೆ, ಹೌದೇ ಎಂದು ಕೇಳಿದ. ಧರೆಪ್ಪ ಸೌಟು ಕೆಳಗಿಟ್ಟ. ಅದು ಅಜ್ಜ ಮುತ್ತಜ್ಜನಿಂದ ಬಂದ ಡೊಳ್ಳು. ಚಾಳಿಯ ಜಂತಿಗೆ ತೂಗುಬಿದ್ದು ವರ್ಷಗಳಾಗಿದ್ದವು.

"ದೇವರ ಡೊಳ್ಳು ಜಂತ್ಯಾಗ ಯಾಕ ಕೊಳೀಬೇಕು?" ಎಂದ ಅಣ್ಣಾರಾಯ. "ಇಲ್ಲೇ ಬಾರಸ್ರಿ. ಬೀರೋಬಾನ ಪದಾ ಕೇಳ್ತಾ ನೇಯ್ದರ ಮಂದಿಗೂ ದಣಿವ ಗೊತ್ತಾಗಂಗಿಲ್ಲ. ಗಂಜಿ ಕೆಲಸಾ ನಿಮಗ ಬ್ಯಾಡ. ಇನ್ನ ಇದ ನಿಮ್ಮ ಕೆಲಸಾ."

ಧರೆಪ್ಪ ಅವತ್ತು ಅತ್ತುಬಿಟ್ಟ. ಕಾರಖಾನೆಯೊಳಗೆ ತಮ್ಮ ದೇವರಿಗೆ ಜಾಗ ಸಿಕ್ಕಿತೆಂದು ತಿಳಿದ. ಡೊಳ್ಳಿಗೆ ಭಂಡಾರದ ಅರಿಸಿನ ಹಚ್ಚಿ, ಕಾಯಿ ಒಡೆದು, ಶೆಡ್ಡಿನ ನಡುವೆ ನಿಂತು ಕೋಲು ಎತ್ತಿದ. ಹದಿನಾಲ್ಕು ಮಗ್ಗ ಅವನ ಕೋಲಿನ ಹಿಂದೆ ಬಿದ್ದವು. ಹೆಂಗಸರು ಹಿಂಜುವ ಬಿಲ್ಲೂ ಅದೇ ತಾಳಕ್ಕೆ ಮಿಡಿಯಿತು. ಜನ ನಕ್ಕರು, ಹಾಡಿದರು. ಅಣ್ಣಾರಾಯ ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಂಡ.

ಪ್ರತಿ ಸೋಮವಾರ ಬೆಳಿಗ್ಗೆ ಅವನು ಧರೆಪ್ಪನ ಭುಜದ ಮೇಲೆ ಕೈಯಿಟ್ಟು ಹೇಳುವುದು ಒಂದೇ ಮಾತು: "ಇನ್ನೊಂದೀಟ ಜಲ್ದಿ." ಒಂದಿಷ್ಟಲ್ಲವೇ ಎಂದು ಧರೆಪ್ಪ ಕೋಲು ಚುರುಕು ಮಾಡುತ್ತಿದ್ದ. ಮೂರು ತಿಂಗಳಲ್ಲಿ ಎರಡು ದಿನದ ಕಂಬಳಿ ಒಂದೇ ದಿನಕ್ಕೆ ಇಳಿಯಿತು. ತಾಳ ತಪ್ಪಿದ ಇಬ್ಬರು ಮುದುಕರನ್ನು ಅಣ್ಣಾರಾಯ ಕೈಮುಗಿದು, ಚಹಾ ಕುಡಿಸಿ, ಮನೆಗೆ ಕಳಿಸಿದ.

ಮತ್ತೊಂದು ದಿನ ಅವನು ಕೇಳಿದ, ಪದ ನಡೆದಾಗ ನಡುವೆ ಯಾರೂ ಏಳುವುದಿಲ್ಲವಲ್ಲ, ಯಾಕೆ ಎಂದು. ಧರೆಪ್ಪ ಹೆಮ್ಮೆಯಿಂದ ಹೇಳಿದ, ಅದು ನಮ್ಮ ಡೊಳ್ಳಿನ ಕಟ್ಟು, ಕೂತು ಪದ ಹಿಡಿದವರು ಅದು ಮುಗಿಯುವ ತನಕ ಏಳಬಾರದು, ಎದ್ದರೆ ದೇವರನ್ನು ನಡುದಾರಿಯಲ್ಲಿ ಬಿಟ್ಟಂತೆ. ಅಣ್ಣಾರಾಯ ತಲೆದೂಗಿದ. ಮರುದಿನದಿಂದ ಪದ ಮಧ್ಯಾಹ್ನ ಊಟಕ್ಕೆ ಬಿಡುವ ಭೋಂಗಾ ಕೂಗುವ ತನಕ ಮುಗಿಯಕೂಡದೆಂದು ಅಪ್ಪಣೆಯಾಯಿತು. ಜನ ನೀರಿಗೆ ಏಳಲಿಲ್ಲ, ಒಂದಕ್ಕೆ ಏಳಲಿಲ್ಲ. ಬಾರುಕೋಲು ಮಾಡಲಾರದ್ದನ್ನು ಡೊಳ್ಳಿನ ಕೋಲು ಮಾಡಿತು.

ಉಣ್ಣೆ ತೊಳೆಯುವ ಹುಲೆಪ್ಪ ಒಬ್ಬನೇ ಬೇಕಾದಾಗ ಎದ್ದು ಹೋಗುತ್ತಿದ್ದ. ಅವನ ಮನೆಯವರು ಎರಡು ವರ್ಷದ ಹಿಂದೆ ಬುದ್ಧನ ಧರ್ಮ ಹಿಡಿದಿದ್ದರು. ಅದಕ್ಕೂ ಮೊದಲು ಬೀರೋಬಾನ ಗುಡಿಯ ಮೆಟ್ಟಿಲು ಅವರಿಗೆ ದೂರವೇ ಇತ್ತು. "ಕಾಕಾ, ಇದು ದೇವರ ಪದಾ ಅಲ್ಲ, ಶೇಠನ ಪದಾ," ಎಂದು ಅವನೊಮ್ಮೆ ಹೇಳಿದ. ಧರೆಪ್ಪ ಸಿಟ್ಟಾಗಿ ಎರಡು ದಿನ ಅವನ ಮುಖ ನೋಡಲಿಲ್ಲ.

ಬೀರವ್ವನಿಗೆ ಆಗ ಏಳು ತಿಂಗಳು. ಮನೆಯಲ್ಲಿ ಬಿಡುವಾದಾಗ ಮರಿಕುರಿಯ ಮೊದಲ ಉಣ್ಣೆ ನೂತಿದ್ದಳು. ಖಂಡಪ್ಪ ಅದರಲ್ಲಿ ಮೊಳದುದ್ದದ ಕಂಬಳಿ ನೇಯ್ದಿಟ್ಟಿದ್ದ. ಹುಟ್ಟುವ ಕೂಸಿಗೆ ಅದೊಂದನ್ನೇ ಅವರು ಸೇರಿಸಿಟ್ಟದ್ದು.

ಆ ಶನಿವಾರ ಬೆಳಿಗ್ಗೆಯೇ ಅವಳ ಸೊಂಟ ಸೆಳೆಯತೊಡಗಿತು. ಹಿಂಜುವ ಬಿಲ್ಲು ಕೆಳಗಿಡಲಿಲ್ಲ. ಪಕ್ಕದಲ್ಲಿದ್ದ ಸುಗಲಾಬಾಯಿ, ಚಾಳಿಯ ಬಾಣಂತನವೆಲ್ಲ ಮಾಡುವ ಮುದುಕಿ, ಏಳೆಂದು ಮೊಣಕೈಯಿಂದ ತಿವಿದಳು. ಪದ ನಡೆದಿದೆ, ಅಪ್ಪ ಬಾರಿಸುತ್ತಿದ್ದಾನೆ, ಹೇಗೆ ಏಳಲಿ ಎಂದಳು ಬೀರವ್ವ. ಧರೆಪ್ಪ ಕಣ್ಣು ಮುಚ್ಚಿ ಬಾರಿಸುತ್ತಿದ್ದ. ಅಂದಿನ ತಾಳ ಎಂದಿಗಿಂತ ಚುರುಕಾಗಿತ್ತು. ಭೋಂಗಾ ಕೂಗಿ ಕೋಲು ನಿಂತಾಗ ಬೀರವ್ವನ ಕೆಳಗಿನ ಉಣ್ಣೆ ಕೆಂಪಾಗಿತ್ತು. ಕೂಸು ಹೊರಗೆ ಬಂದಿತು, ಅಳಲಿಲ್ಲ.

ಗಂಡು ಕೂಸು. ಧರೆಪ್ಪ ಅದನ್ನು ನೋಡಿದ, ತನ್ನ ಬಲಗೈ ನೋಡಿಕೊಂಡ. ಆ ಕೈಯನ್ನು ಗಂಜಿಯ ಕುದಿಯಲ್ಲಿ ಅದ್ದಲು ಹೋದವನನ್ನು ಹುಲೆಪ್ಪ ಹಿಡಿದು ಎಳೆದ. ಕೂಸಿಗೆ ಹುಲೆಪ್ಪನೇ ಗುಂಡಿ ತೋಡಿದ.

ಮೂರು ದಿನ ಕಳೆದು ಅಣ್ಣಾರಾಯ ಚಾಳಿಗೆ ಬಂದ. ಹಸಿರು ಸೀರೆ, ಐದು ಕಾಯಿ, ಕಣ್ಣಲ್ಲಿ ನೀರು ಬೇರೆ. ಗುರುವಾರ ಶೇಠಜಿಯ ಜೊತೆ ಮುಂಬಯಿಯ ದೊಡ್ಡ ಖರೀದಿದಾರ ಬರುತ್ತಾನೆ, ಐನೂರು ಕಂಬಳಿಯ ಮಾತು, ಅವತ್ತು ಡೊಳ್ಳು ಜೋರಾಗಬೇಕು, ಕೆಲಸದಲ್ಲಿ ದುಃಖ ಮರೆಯುತ್ತದೆ ಎಂದು ಸಮಾಧಾನ ಹೇಳಿದ. ಖಂಡಪ್ಪನಿಗೆ ತಡೆಯಲಾಗಲಿಲ್ಲ. ನಿಮ್ಮ ಅವಸರವೇ ನನ್ನ ಕೂಸನ್ನು ತಿಂದಿತು ಎಂದ.

ಅಣ್ಣಾರಾಯ ಬೇಸರಪಡಲಿಲ್ಲ. ಮೆತ್ತಗೆ ಹೇಳಿದ: "ಏಳಬ್ಯಾಡಂತ ನಾ ಹೇಳಿದ್ನೇನು ತಮ್ಮಾ? ಬಾಗಲಾ ತೆರದ ಇತ್ತು. ಆಕೀನ ಏಳಲಿಲ್ಲ. ಅದು ನಿಮ್ಮ ದೇವರ ಕಟ್ಟು. ಅದಕ್ಕ ನಾ ಏನ ಮಾಡ್ಲಿ?"

ಅಷ್ಟು ಹೇಳಿ ಸೀರೆಯನ್ನು ಬೀರವ್ವನ ಕಾಲಬಳಿ ಇಟ್ಟು ಹೋದ. ಬೀರವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೂರು ದಿನದಿಂದ ಒಂದು ಮಾತಿಲ್ಲ.

ಖಂಡಪ್ಪ ಮಗ್ಗದ ಹಲಗೆ ಹಿಡಿದು ಎದ್ದ. ಇವತ್ತು ಅವನ ತಲೆ ಒಡೆಯುವುದೇ ಸೈ ಎಂದ. ಧರೆಪ್ಪ ಬಾಗಿಲಿಗೆ ಅಡ್ಡ ಕೂತ. ಎದೆಯೊಳಗೆ ಬೆಂಕಿ ಅವನಿಗೇನು ಕಡಿಮೆಯಿರಲಿಲ್ಲ, ಅಳಿಯನಿಗಿಂತ ಹೆಚ್ಚೇ ಇತ್ತು. ಮೂರು ರಾತ್ರಿ ಅವನು ಅಣ್ಣಾರಾಯನ ಕುತ್ತಿಗೆಯ ಮೇಲೆ ತನ್ನ ಎರಡೂ ಕೈ ಇಟ್ಟು ನೋಡಿದ್ದ, ಮನಸ್ಸಿನಲ್ಲಿ.

"ತಲಿ ಒಡದರ ಅಂವಾ ದವಾಖಾನಿಗೆ ಹೋಗ್ತಾನ, ನೀ ಜೇಲಿಗೆ ಹೋಗ್ತಿ. ಶೇಠಗ ಇನ್ನೊಬ್ಬ ಅಣ್ಣಾರಾಯ ಸಿಗತಾನ," ಎಂದ ಧರೆಪ್ಪ. "ಅಂವಾ ನಮ್ಮ ಕಟ್ಟು ಅರ್ಧಾನ ಕೇಳ್ಯಾನ. ಉಳದರ್ಧಾ ನಾ ಹೇಳೇ ಇಲ್ಲ."

ಖಂಡಪ್ಪನಿಗೆ ಅರ್ಥವಾಯಿತು. ಹಲಗೆ ಮೂಲೆಗಿಟ್ಟ.

ಧರೆಪ್ಪ ಅಂದು ಸಂಜೆ ಚಾಳಿಯ ಮನೆಮನೆಗೂ ಹೋದ. ಗುರುವಾರ ನನ್ನ ಕೋಲಿನ ಕಡೆ ಕಿವಿ ಇರಲಿ ಎಂದಷ್ಟೇ ಹೇಳಿದ. ಹುಲೆಪ್ಪನ ಮನೆಗೆ ಮಾತ್ರ ಹೋಗಲಿಲ್ಲ. ದೇವರ ಹೆಸರಲ್ಲಿ ಅವನನ್ನು ಕೇಳಲು ತನಗೆ ಯಾವ ಮುಖ ಎಂದುಕೊಂಡ.

ಗುರುವಾರ ಅಂಗಳದಲ್ಲಿ ಹದಿನಾಲ್ಕು ಮಗ್ಗಕ್ಕೆ ಮುಂದೆ ಏರಿಸಬೇಕಾದ ಹಾಸು, ಅಂದರೆ ಉದ್ದೆಳೆಗಳನ್ನೆಲ್ಲ, ಒಟ್ಟಿಗೆ ಬಿಗಿದಿದ್ದರು. ಇಷ್ಟೂ ಉಣ್ಣೆ ಒಂದೇ ದಿನ ತಯಾರಾಗುತ್ತದೆಂದು ಮುಂಬಯಿಯವನಿಗೆ ತೋರಿಸಬೇಕಿತ್ತು. ಇಷ್ಟೂ ಹಾಸಿನ ಮೇಲೆ ಒಮ್ಮೆಗೇ ಗಂಜಿ ಹೊಯ್ಯಬೇಡಿ ಎಂದು ಸುಗಲಾಬಾಯಿ ಹೇಳಿದ್ದಳು. ಅಣ್ಣಾರಾಯ ಕೇಳಲಿಲ್ಲ. ಗಂಜಿ ಹೊಯ್ದ ಹಾಸಿನ ಮೇಲೆ, ಅದು ಬಿಸಿಲಲ್ಲಿ ಒಣಗುವ ತನಕ, ಕುಂಚ ಎಳೆಯುತ್ತಲೇ ಇರಬೇಕು. ಬಿಟ್ಟರೆ ಎಳೆಗೆ ಎಳೆ ಅಂಟಿ ಹಲಗೆಯಾಗುತ್ತದೆ, ಆಮೇಲೆ ದೇವರು ಬಂದರೂ ಬಿಡಿಸಲಾರ.

ಶೇಠಜಿ ಬಂದ, ಖರೀದಿದಾರ ಬಂದ. ಒಳಗೆ ಮಗ್ಗ, ಹೊರಗೆ ಕುಂಚ, ಎರಡೂ ಒಂದೇ ತಾಳಕ್ಕೆ. ಅಣ್ಣಾರಾಯ ಮರಾಠಿಯಲ್ಲಿ ವಿವರಿಸುತ್ತಿದ್ದ, ಇಲ್ಲಿ ಬೈಗುಳವಿಲ್ಲ, ಕಾವಲಿಲ್ಲ, ಪ್ರೀತಿಯಿಂದ ದುಡಿಸುತ್ತೇವೆ, ಮಧ್ಯಾಹ್ನದ ತನಕ ಒಬ್ಬನೂ ತಲೆ ಎತ್ತುವುದಿಲ್ಲ, ಬೇಕಾದರೆ ಕರೆದು ನೋಡಿ. ಖರೀದಿದಾರ ನಿಜಕ್ಕೂ ಒಬ್ಬನನ್ನು ಕರೆದ. ಅವನು ತಲೆ ಎತ್ತಲಿಲ್ಲ. ಶೇಠಜಿಯ ಮುಖ ಅರಳಿತು.

ಕೊನೆಯ ಹಾಸಿನ ಮೇಲೂ ಗಂಜಿ ಬಿತ್ತು. ಬಿಸಿಲು ಕಾದಿತ್ತು. ಧರೆಪ್ಪ ಕೋಲು ಎತ್ತಿ ಹಿಡಿದ, ಒಂದು ಉಸಿರಿನಷ್ಟು ಹೊತ್ತು ಎಲ್ಲ ನಿಂತಿತು. ಆಮೇಲೆ ಮೂರು ಭಾರವಾದ ಪೆಟ್ಟು, ಒಂದು ಬಿಡುವು. ಮತ್ತೆ ಮೂರು ಪೆಟ್ಟು, ಒಂದು ಬಿಡುವು.

ಅದು ಪಲ್ಲಕ್ಕಿ ಏಳುವ ಬಡಿತ. ಅದು ಕೇಳಿದಾಗ ಉಣ್ಣುವವನೂ ಕೈತುತ್ತು ಬಿಟ್ಟು ಏಳಬೇಕು, ಪಲ್ಲಕ್ಕಿಯ ಹಿಂದೆ ನಡೆಯಬೇಕು. ಅವರ ಡೊಳ್ಳಿನ ಕಟ್ಟಿನ ಉಳಿದರ್ಧ ಅದು. ಖಂಡಪ್ಪ ಮೊದಲು ಎದ್ದ. ಕುಣಿಕುಣಿಯಿಂದ ಮಂದಿ ಎದ್ದರು, ಜೋಮು ಹಿಡಿದ ಕಾಲು ತಿಕ್ಕಿಕೊಂಡು. ಅಂಗಳದಲ್ಲಿ ಕುಂಚಗಳು ಮಣ್ಣಿಗೆ ಬಿದ್ದವು.

ಅಣ್ಣಾರಾಯ ನಗುತ್ತಲೇ ಅಡ್ಡ ಬಂದ. ಪದ ಮುಗಿದಿಲ್ಲ, ಕೂಡಿರಿ, ದೇವರಿಗೆ ಅಪಚಾರ ಎಂದ. ಮಂದಿ ಅವನನ್ನು ಬಳಸಿ ಗೇಟಿನ ಕಡೆ ನಡೆದರು. ನಗು ಹೋಯಿತು. ತೊಟ್ಟಿಯ ಬಳಿ ಇನ್ನೂ ಕೂತಿದ್ದ ಹುಲೆಪ್ಪನನ್ನು ನೋಡಿ ಅವನಿಗೆ ಜೀವ ಬಂತು. ಹುಲೆಪ್ಪಾ, ನೀನೊಬ್ಬ ಶಾಣ್ಯಾ, ಈ ತಿಂಗಳ ಫೇಟಾ ನಿನಗೇ ಎಂದ.

ಹುಲೆಪ್ಪ ಒದ್ದೆ ಕೈ ಒರೆಸಿಕೊಂಡು ಎದ್ದ. "ನಾ ದೇವರ ಸಲವಾಗಿ ಏಳಾಕತ್ತಿಲ್ರಿ. ಗುಂಡಿ ನಾನ ತೋಡೀನಿ. ಆ ಕೂಸಿನ ಸಲವಾಗಿ ಏಳಾಕತ್ತೀನಿ," ಎಂದು ಧರೆಪ್ಪನ ಹಿಂದೆ ಹೆಜ್ಜೆ ಹಾಕಿದ. ಧರೆಪ್ಪನ ಕೋಲು ಒಮ್ಮೆ ತಪ್ಪಿ, ಮತ್ತೆ ಕೂಡಿಕೊಂಡಿತು.

ಗೇಟಿನ ಹೊರಗೆ ಬೀರವ್ವ ನಿಂತಿದ್ದಳು. ಗೋಡೆ ಹಿಡಿದು ಹಿಡಿದು ಬಂದಿದ್ದಳು. ತಲೆಯ ಮೇಲೆ ಆ ಮೊಳದುದ್ದದ ಕಂಬಳಿ, ಮಡಿಸಿದ್ದು. ಪಲ್ಲಕ್ಕಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಅವಳ ಹಿಂದೆ ನಿಂತರು. ಸುಗಲಾಬಾಯಿ ಶೇಠಜಿಗೆ ಕೇಳುವಂತೆ ಹೇಳಿದಳು, ಈ ಮನುಷ್ಯ ಇರುವ ತನಕ ನಾವು ಒಳಗೆ ಬರುವುದಿಲ್ಲ ಎಂದು.

ಗೇಟಿನೊಳಗೆ, ಅಂಗಳದಲ್ಲಿ, ಬಿಸಿಲು ತನ್ನ ಕೆಲಸ ಮಾಡುತ್ತಿತ್ತು. ಖರೀದಿದಾರ ಒಂದು ಹಾಸನ್ನು ಮುಟ್ಟಿ ನೋಡಿ, ಕೈ ಒರೆಸಿಕೊಂಡು, ಮೋಟಾರಿನ ಕಡೆ ನಡೆದ. ಶೇಠಜಿಯ ಮರಾಠಿ ಬೈಗುಳ ರಸ್ತೆಯ ತನಕ ಕೇಳಿತು. ಹಳೆಯ ಮುಕಾದಮನ ಬೈಗುಳವೇ, ತಾಯಿ ಹೆಸರೂ ಬಿಡಲಿಲ್ಲ. ಮಾಲು ಉಳಿಸದಿದ್ದರೆ ನಿನ್ನ ಚರ್ಮ ಸುಲಿದು ಬಿಗಿಯುತ್ತೇನೆ ಎಂದ. ಬಿಳಿ ಧೋತರ ಎತ್ತಿಕಟ್ಟಿ ಅಣ್ಣಾರಾಯ ಕುಂಚ ಹಿಡಿದ. ಒಂದು ಹಾಸಿನ ಮೇಲೆ ಬಗ್ಗಿ ಎಳೆದರೆ ಇನ್ನೊಂದು ಗಟ್ಟಿಯಾಗುತ್ತಿತ್ತು, ಅದಕ್ಕೆ ಓಡಿದರೆ ಮತ್ತೊಂದು. ಹದಿನಾಲ್ಕು ಹಾಸು, ಎರಡು ಕೈ.

ಧರೆಪ್ಪ ಗೇಟಿನಲ್ಲಿ ನಿಂತು ಅದನ್ನು ಕಣ್ತುಂಬ ನೋಡಿದ. ಆಮೇಲೆ ಕೋಲು ಬದಲಿಸಿದ. ಶನಿವಾರದ ತಾಳ ಹಿಡಿದ, ಆ ಚುರುಕು ತಾಳ. ಅಣ್ಣಾರಾಯನ ಕೈ ತನಗರಿಯದೆ ಅದರ ಹಿಂದೆ ಓಡತೊಡಗಿತು. ಬೆವರು ಗಂಜಿಗೆ ಸುರಿಯಿತು.

"ಇನ್ನೊಂದೀಟ ಜಲ್ದಿ, ಸಾಹೇಬ್ರ," ಎಂದ ಧರೆಪ್ಪ.

ಅಣ್ಣಾರಾಯನಿಗೆ ಸೊಂಟ ಹಿಡಿಯಿತು. ಒಂದು ಕೈ ನಡುವಿಗಿಟ್ಟು ನೆಟ್ಟಗೆ ಏಳಲು ನೋಡಿದ. ಆಗ ಬೀರವ್ವ ಮಾತಾಡಿದಳು. ಐದು ದಿನದ ಮೇಲೆ ಅವಳು ಬಾಯಿ ತೆರೆದದ್ದು ಅದೇ ಮೊದಲು.

"ಏಳಬ್ಯಾಡ್ರಿ ಸಾಹೇಬ್ರ. ಪದಾ ಇನ್ನೂ ಮುಗದಿಲ್ಲ."