ಹಂದಿಹಟ್ಟಿಯ ಹಂಸ

ಕಡಲಾಚೆಯ ಸ್ಯಾನ್ ರಮೋನಿನ ಆ ಬಡಾವಣೆಗೆ ಅದನ್ನು ಕಟ್ಟಿಸಿದ ಬಿಲ್ಡರು ಇಂಗ್ಲೆಂಡಿನ ಒಂದು ಹಳ್ಳಿಯ ಹೆಸರಿಟ್ಟಿದ್ದ: ಸ್ವಿನ್‌ಥಾರ್ಪ್. ನಿವಾಸಿಗಳ ಸಂಘದ ಅಧ್ಯಕ್ಷ ಶೇಷಾದ್ರಿಗೆ ಆ ಹೆಸರೆಂದರೆ ಎಲ್ಲಿಲ್ಲದ ಬಿಗುಮಾನ. ಹುಟ್ಟಿದ್ದು ಬೆಂಗಳೂರಿನ ಶ್ರೀನಗರದಲ್ಲಿ, ಓಡಾಡುತ್ತಿದ್ದುದು ಯಾವುದೋ ದೊರೆಯ ಮೊಮ್ಮಗನ ಹಾಗೆ.

ಸಂಘದ ಊಟದ ದಿನ ಅವನು ಹೊಸದಾಗಿ ಬಂದ ಸಂತೋಷಕುಮಾರನ ತಾಯಿಯನ್ನು ಮಾತಾಡಿಸಿದ.

"ಯಾವೂರಮ್ಮ ನಿಮ್ದು?"

"ಹಂದಿಗನೂರ್ ರೀ," ಎಂದರು ಕಮಲವ್ವ.

ಶೇಷಾದ್ರಿ ನಗು ತಡೆಯುವ ಗೋಜಿಗೂ ಹೋಗಲಿಲ್ಲ. "ಇಲ್ಲೆಲ್ಲ ಹಾವೇರಿ ಅಂದ್ಬಿಡಿ, ಸಾಕು. ಕೇಳ್ದೋರು ಏನಂದ್ಕೋತಾರೆ?"

ಕಮಲವ್ವ ತಟ್ಟೆ ಕೆಳಗಿಟ್ಟರು. ಎದುರಿಗಿದ್ದ ಗಾರ್ಗಿ ತನ್ನ ತಟ್ಟೆಯನ್ನೂ ಪಕ್ಕಕ್ಕೆ ಸರಿಸಿದಳು. ಕಾಲೇಜಿನಲ್ಲಿ ಇಂಗ್ಲಿಷ್ ಭಾಷೆಯ ಚರಿತ್ರೆ ಕಲಿಸುವವಳು ಅವಳು. ಆ ವಾರವೇ ಸ್ವಿನ್‌ಥಾರ್ಪಿನ ಬೆನ್ನು ಹತ್ತಿದಳು. ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತಳು.

"ನಮ್ಮ ಹೆಸರಿನ ಬಗ್ಗೆ ಒಂದು ಮಾತು. ತೀರಾ ಹಳೇ ದಾಖಲೇಲಿ ಇದು ಸುಯಿನ್‌ತೋರ್ಪ್. ಆಮೇಲೆ ಸ್ವೈನ್‌ಥೋರ್ಪ್. ಸವೆದು ಸವೆದು ಹೀಗಾಗಿದೆ. ಸ್ವೈನ್ ಅಂದ್ರೆ ಹಂದಿ, ಥಾರ್ಪ್ ಅಂದ್ರೆ ಹಟ್ಟಿ. ನಾವೆಲ್ಲ ಇರೋದು ಹಂದಿಹಟ್ಟೀಲಿ, ಶೇಷಾದ್ರಿಯವರೇ."

ಶೇಷಾದ್ರಿಯ ಮುಖ ಸುಟ್ಟ ಬದನೆಕಾಯಿಯಾಯಿತು. ಆದರೆ ನಾಚಿಕೆ ಅವನಲ್ಲಿ ಹೆಚ್ಚು ಹೊತ್ತು ನಿಲ್ಲುವ ಪದಾರ್ಥವಲ್ಲ.

"ಬೇರೆ ಸ್ಪೆಲಿಂಗು ಇಲ್ವಾ?"

"ಒಬ್ಬ ನಕ್ಷೆ ಬರೆಯೋನು ಸ್ವಾನ್‌ಥಾರ್ಪ್ ಅಂತ ಬರ್ದಿದ್ದ. ತಪ್ಪು ಅಂತ ಆಮೇಲೆ ಬಿಟ್ರು."

"ಸ್ವಾನ್. ಅಂದ್ರೆ ಹಂಸ," ಎಂದ ಶೇಷಾದ್ರಿ, ಆಗಲೇ ಅರಳಿ. "ಅದೇ ಒರಿಜಿನಲ್ಲು ಅಂತ ಇಟ್ಕೊಳ್ಳೋಣ. ಒಪ್ಪೋರು ಕೈ ಎತ್ತಿ."

ಡಾಕ್ಟರು, ಎಂಜಿನಿಯರು ಎನ್ನದೆ ಕೈಗಳು ಎದ್ದವು. ಗಾರ್ಗಿಯ ಗಂಡ ಅಚ್ಯುತನ ಕೈಯೂ ಎದ್ದಿತು. ಸಂತೋಷಕುಮಾರನೊಬ್ಬ ಕೈಕಟ್ಟಿ ಕೂತಿದ್ದ.

"ಸುಳ್ಳು ಅಂತ ಗೊತ್ತಿದ್ದೂ ಎತ್ತಿದ್ಯಲ್ಲ," ಎಂದಳು ಗಾರ್ಗಿ, ಮನೆಗೆ ನಡೆಯುವಾಗ.

"ದಿನಾ ಮುಖ ನೋಡ್ಬೇಕಲ್ಲ ಮಾರಾಯ್ತಿ. ಒಂದು ಬೋರ್ಡು ತಾನೇ?"

ಶೇಷಾದ್ರಿಯಾದರೂ ಮೂರ್ಖ, ಇವನು ಅದೂ ಅಲ್ಲ ಎನಿಸಿತು ಅವಳಿಗೆ. ಅಸಹ್ಯಪಟ್ಟುಕೊಂಡು ಮುಂದೆ ನಡೆದಳು.

ಕೆಲವೇ ದಿನಗಳಲ್ಲಿ ಗೇಟಿಗೆ ಕಲ್ಲಿನ ಹೊಸ ಬೋರ್ಡು ಬಂತು. ಮೇಲೆ ಉದ್ದ ಕತ್ತಿನ ಬಿಳೀ ಹಂಸ. ವಾಕಿಂಗಿಗೆ ಬಂದಿದ್ದ ಕಮಲವ್ವ ಗಾರ್ಗಿಯನ್ನು ನಿಲ್ಲಿಸಿ, ಏನು ಬರೆದಿದೆ ಎಂದು ಕೇಳಿದರು.

"ಸ್ವಾನ್‌ಥಾರ್ಪ್ ಅಂತ, ಅಮ್ಮ."

"ಶ್ವಾನ ಅಂದ್ರ ನಾಯಿ ಅಲ್ಲೇನವ್ವಾ? ಹಕ್ಕಿ ಕೆತ್ತಿ ನಾಯಿ ಅಂತ ಯಾಕ ಬರ್ದಾರ?"

"ಅವರಿಗೆ ಅಷ್ಟೇ ಗೊತ್ತು ಬಿಡಿ," ಎಂದಳು ಗಾರ್ಗಿ. ತಿದ್ದಲು ಹೋಗಲಿಲ್ಲ.