ಗೋಡೆಯಾಚೆಯ ಸದ್ದು

ಪಕ್ಕದ ಕೋಣೆಯಲ್ಲಿ ಮೇಜು ಕುಟ್ಟುವ ಸದ್ದು ಇನ್ನೂ ನಿಂತಿರಲಿಲ್ಲ. ಪಾಠ ಹಿಡಿಸಿದರೆ ಬೆರಳ ಗೆಣ್ಣಿನಿಂದ ಮೇಜು ಕುಟ್ಟುವುದು, ಹಿಡಿಸದಿದ್ದರೆ ನೆಲಕ್ಕೆ ಕಾಲು ಉಜ್ಜುವುದು ಆ ಜರ್ಮನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪದ್ಧತಿ. ಪ್ರೊಫೆಸರ್ ಗೊಟ್‌ಲೋಬ್ ಮೈಸ್ಟರರ ಕೋಣೆಯಲ್ಲಿ ಈಚೆಗೆ ಎರಡೂ ಇರಲಿಲ್ಲ. ಅವರು ಕ್ರೈಸ್ತ ನಂಬಿಕೆಯ ತತ್ವ ಹೇಳುತ್ತಿದ್ದರೆ ನಾಲ್ಕಾರು ಹುಡುಗರು ಮುಂದೆ ಕೂತು ತೂಕಡಿಸುತ್ತಿದ್ದರು. ಗೋಡೆಯಾಚೆ ಶ್ಟೈನ್ಲೆ, ಇವರ ಕೈಯಲ್ಲೇ ಪಳಗಿದ ಶಿಷ್ಯ, ಯೇಸುವಿನ ಕಥೆ ಹೇಳುವ ಸುವಾರ್ತೆಗಳನ್ನು ಚರಿತ್ರೆಯ ಒರೆಗೆ ಹಚ್ಚುತ್ತಿದ್ದ. ಯುದ್ಧ ಕಂಡು ಬಂದ ಜನಕ್ಕೆ ಏನನ್ನು ನಂಬಬೇಕು ಎನ್ನುವುದಕ್ಕಿಂತ ನಿಜವಾಗಿ ಏನು ನಡೆಯಿತು ಎನ್ನುವುದೇ ಬೇಕಾಗಿತ್ತು. ಆ ಸದ್ದು ಕೇಳಿದಾಗಲೆಲ್ಲ ಮೈಸ್ಟರರಿಗೆ ಹೊಟ್ಟೆ ಉರಿಯುತ್ತಿತ್ತು.

ಅಂದು ಪಾಠ ಬೇಗ ಮುಗಿಸಿ ಹೊರಗೆ ಬಂದರು. ಶ್ಟೈನ್ಲೆಯ ಕೋಣೆಯಿಂದ ನುಗ್ಗಿ ಬರುತ್ತಿದ್ದ ಹುಡುಗರ ನಡುವೆ ಒಂದು ಕಪ್ಪು ಟೋಪಿ, ಒಂದು ಖಾಲಿ ಬುಟ್ಟಿ ಕಂಡವು. ಪ್ರತಿ ಗುರುವಾರ ಸಂತೆಗೆಂದು ಹೊರಡುವ ಅವರ ಹೆಂಡತಿ ಹೆಡ್ವಿಗ್.

ಇಬ್ಬರೂ ಜೊತೆಗೆ ನಡೆದು ನೆಕ್ಕರ್ ನದಿಯ ಸೇತುವೆಗೆ ಬಂದರು.

"ಕೋಸು ಸಿಗಲಿಲ್ವೇನು ಸಂತೇಲಿ?" ಎಂದರು ಮೈಸ್ಟರ್.

"ಸಂತೆಗೆ ಹೋಗಿದ್ರೆ ತಾನೆ ಸಿಗೋದು."

"ನನ್ನ ಪಾಠಕ್ಕೆ ಒಂದಿನಾನೂ ಬಂದವಳಲ್ಲ ನೀನು. ಏನಂತಾನೆ ಆ ಮಹಾಶಯ?"

ಅವಳು ಸೇತುವೆಯ ಕಂಬಿ ಹಿಡಿದು ನಿಂತಳು. "ಮಾರ್ಕನ ಸುವಾರ್ತೆ ಹಳೇ ಪ್ರತಿಗಳಲ್ಲಿ ಇದ್ದಕ್ಕಿದ್ದ ಹಾಗೆ ಮುಗಿದುಹೋಗತ್ತಂತೆ. ಹೆಂಗಸರು ಯೇಸುವಿನ ಖಾಲಿ ಸಮಾಧಿ ನೋಡಿ ಓಡಿಹೋದ್ರು, ಹೆದರಿಕೊಂಡು ಯಾರಿಗೂ ಏನೂ ಹೇಳಲಿಲ್ಲ, ಅಷ್ಟೇ. ಯೇಸು ಮತ್ತೆ ಕಾಣಿಸಿಕೊಂಡ ಮುಂದಿನ ಕಥೆ ಆಮೇಲೆ ಸೇರಿಸಿದ್ದಂತೆ. ಯುದ್ಧದಲ್ಲಿ ಯೋರ್ಗ್ ಸತ್ತ ಅಂತ ತಂತಿ ಬಂದಾಗ ನಾನೂ ಹಾಗೇ ಅಲ್ವಾ ಇದ್ದದ್ದು? ನೀವು ಬಂದೋರಿಗೆಲ್ಲ ಸತ್ತವರು ಮತ್ತೆ ಎದ್ದು ಬರ್ತಾರೆ ಅಂತ ಪುನರುತ್ಥಾನದ ಮಾತು ಹೇಳ್ತಾ ಇದ್ರಿ. ನಂಗೆ ಬಾಯೇ ಬರಲಿಲ್ಲ. ನನ್ನ ನಂಬಿಕೇನೇ ಸಾಲದು ಅಂದ್ಕೊಂಡಿದ್ದೆ ಇಷ್ಟು ದಿನ."

ಮಗನ ಹೆಸರು ಅವಳ ಬಾಯಿಂದ ಬಂದದ್ದು ತಂತಿ ಬಂದ ಮೇಲೆ ಅದೇ ಮೊದಲು.

"ಮಾರ್ಕನ ಆ ವಿಷಯಾನ ಶ್ಟೈನ್ಲೆಗೆ ಕಲಿಸಿದ್ದೇ ನಾನು," ಎಂದರು ಮೈಸ್ಟರ್.

"ಇರಬಹುದು. ನಂಗೆ ಹೇಳಲಿಲ್ಲವಲ್ಲ."

ಆ ವಾರವೆಲ್ಲ ಅವರಿಗೆ ಊಟ ರುಚಿಸಲಿಲ್ಲ. ಮಗನ ಹೆಸರು ಕೊನೆಗೂ ಮನೆಯೊಳಗೆ ಬಂತಲ್ಲ ಎಂದು ಸಂತೋಷಪಡಬೇಕಾದ ಮನುಷ್ಯ, ಅದನ್ನು ಕರೆತಂದವನು ತಾನಲ್ಲವಲ್ಲ ಎಂದು ಒಳಗೊಳಗೇ ಬೇಯುತ್ತಿದ್ದರು. ಮುಂದಿನ ಗುರುವಾರ ಹೆಡ್ವಿಗ್ ಬುಟ್ಟಿಗೆ ಕೈ ಚಾಚಿದಾಗ ಅವರೇ ಮೊದಲು ಎತ್ತಿಕೊಂಡರು.

"ಕೋಸು ನಾನು ತರ್ತೀನಿ. ನೀನು ಬೇಗ ಹೋಗಿ ಮುಂದೆ ಜಾಗ ಹಿಡಿ. ಅವನ ದನಿ ಹಿಂದಕ್ಕೆ ಕೇಳಿಸಲ್ಲ."

ಬುಟ್ಟಿಯನ್ನು ಪಾಠದ ಹಾಳೆಗಳ ಪಕ್ಕ ಇಟ್ಟುಕೊಂಡೇ ಅವರು ಅಂದಿನ ಪಾಠ ಮಾಡಿದರು. ಕೊನೆಯ ಹಾಳೆಗೆ ಬರುವಷ್ಟರಲ್ಲಿ ಗೋಡೆಯಾಚೆ ಮೇಜು ಕುಟ್ಟುವ ಸದ್ದು ಎದ್ದಿತು. ಮೈಸ್ಟರ್ ಮಾತು ನಿಲ್ಲಿಸಿದರು. ಹುಡುಗರು ತಲೆಯೆತ್ತಿ ನೋಡುತ್ತಿದ್ದರು. ಅಷ್ಟು ಕೈಗಳ ಸದ್ದಿನಲ್ಲಿ ಅವಳದು ಯಾವುದೆಂದು ಅವರು ಕಿವಿಗೊಟ್ಟು ನಿಂತೇ ಇದ್ದರು.