ಬಿಲ್ಲೆಯ ಸದ್ದು

ಕುಂಟೆಬಿಲ್ಲೆಯ ಮೂರು ಮನೆ ಒಂಟಿ ಕಾಲಿನಲ್ಲಿ ಕುಪ್ಪಳಿಸಿದ ದೀಕ್ಷಿತಾ ನಾಲ್ಕನೆಯದರಲ್ಲೂ ಅಲುಗದೆ ನಿಂತಾಗ ಸಂಕಪ್ಪನವರಿಗೆ ತಾವೇ ಗೆದ್ದಷ್ಟು ಖುಷಿಯಾಯಿತು. ಆಗದೆ ಏನು? ಹೋದ ವರ್ಷ ಈ ಮೊಮ್ಮಗಳಿಗೆ ಬೆಳಿಗ್ಗೆ ಎದ್ದರೆ ಮಂಡಿ ಮಡಚಲು ಆಗುತ್ತಿರಲಿಲ್ಲ. ಬಚ್ಚಲಿಗೂ ಅವರೇ ಎತ್ತಿಕೊಂಡು ಹೋಗಬೇಕಿತ್ತು. ಏಳು ವರ್ಷದ ಮಕ್ಕಳಿಗೂ ಸಂಧಿವಾತ ಬರುತ್ತದೆಂದು ಆಲೆಟ್ಟಿಯಂಥ ಹಳ್ಳಿಯಲ್ಲಿ ಯಾರಿಗೆ ಗೊತ್ತಿತ್ತು? ಮಂಗಳೂರಿನ ಡಾಕ್ಟರು ವಾರಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟರು. ಪಾಪದ ಹುಡುಗಿ, ಚುಚ್ಚಿಸಿಕೊಂಡ ದಿನವೆಲ್ಲ ವಾಂತಿ ಮಾಡುತ್ತಿದ್ದಳು. ಅಂತೂ ಕಾಲು ಸರಿಹೋಯಿತು.

ಡಾಕ್ಟರು ಇನ್ನೊಂದು ಮಾತೂ ಹೇಳಿದ್ದರು. ಈ ರೋಗ ನೋವೇ ಇಲ್ಲದೆ ಕಣ್ಣಿಗೂ ಇಳಿಯಬಹುದು, ಮೂರು ತಿಂಗಳಿಗೊಮ್ಮೆ ಕಣ್ಣು ತೋರಿಸಲೇಬೇಕು ಎಂದು. ಸೊಸೆ ಭವಿತಾ ಮಗುವನ್ನು ಕರೆದುಕೊಂಡು ಹೊರಟಾಗಲೆಲ್ಲ ತಡೆದವರು ಸಂಕಪ್ಪನವರೇ.

"ಕಾಲಿನ ರೋಗಕ್ಕೆ ಕಣ್ಣಿಗೆ ಎಂತ ತೋರಿಸುದು? ಆಸ್ಪತ್ರೆ ಅಂದ್ರೇ ಮಗು ನಡುಗ್ತದೆ. ಇನ್ನಾದ್ರೂ ಸ್ವಲ್ಪ ಆಡ್ಲಿ."

ಪ್ರೀತಿಯಿಂದಲೇ ಹೇಳಿದ ಮಾತು ಅದು.

ಈಗ ದೀಕ್ಷಿತಾ ಎಸೆದ ಬಿಲ್ಲೆ ಗೆರೆ ದಾಟಿ, ಅಂಗಳದಲ್ಲಿ ಒಣಹಾಕಿದ್ದ ಗೋಣಿಯ ಮೇಲೆ ಬಿತ್ತು. ಅವಳು ಕುಕ್ಕರುಗಾಲಿನಲ್ಲಿ ಕೂತು ನೆಲವೆಲ್ಲ ತಡಕಾಡಿದಳು. ಕೆಂಪು ಹಂಚಿನ ತುಂಡು ಅವಳ ಮೂಗಿನೆದುರೇ ಇತ್ತು.

"ಅಲ್ಲೇ ಉಂಟಲ್ಲ ಮಗಾ."

"ಶಬ್ದ ಬರ್ಲಿಲ್ಲ ಅಜ್ಜ. ಶಬ್ದ ಬರದಿದ್ರೆ ಎಲ್ಲಿ ಬಿತ್ತು ಅಂತ ಹೇಗೆ ಗೊತ್ತಾಗುದು?"

ಸಂಕಪ್ಪನವರು ಹತ್ತಿರ ಹೋಗಿ ಅವಳ ಮುಖದ ಮುಂದೆ ಕೈ ಆಡಿಸಿದರು. ಅವಳು ಅಜ್ಜನ ದನಿ ಬಂದ ಕಡೆ ನೋಡಿ ನಗುತ್ತಿದ್ದಳು.

ಮರುದಿನ ಮಂಗಳೂರಿನ ಕಣ್ಣಿನ ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಎಡಗಣ್ಣು ಹೋಗಿದೆ, ಬಲಗಣ್ಣಿನಲ್ಲಿ ಇರುವಷ್ಟನ್ನು ಉಳಿಸಿಕೊಳ್ಳಲು ನೋಡುವ, ಮೊದಲೇ ಬಂದಿದ್ದರೆ ಎರಡೂ ಉಳಿಯುತ್ತಿದ್ದವು ಎಂದರು. ವಾಪಸು ಬರುವ ಬಸ್ಸಿನಲ್ಲಿ ಸುಳ್ಯದವರೆಗೂ ಭವಿತಾ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಮಾವನಿಂದ ದೂರದ ಸೀಟಿನಲ್ಲಿ ಕೂತಳು. 

ಮನೆ ಮುಟ್ಟಿದ್ದೇ ತಡ, ದೀಕ್ಷಿತಾ ಬಿಲ್ಲೆ ತಂದು ಅಜ್ಜನ ಕೈಯಲ್ಲಿಟ್ಟಳು.

"ನೀವು ಹಾಕಿ ಅಜ್ಜ. ಜೋರು ಹಾಕಿ, ಆಯ್ತಾ?"

ಅಭ್ಯಾಸವಿದ್ದ ಅಂಗಳ, ಗೆರೆಯವರೆಗೆ ಓಡಿಯೇ ಹೋದಳು. ಹೋಗಿ ಒಂದು ಕಾಲೆತ್ತಿದಳು. ಸಂಕಪ್ಪನವರಿಗೆ ಕೈ ಏಳಲಿಲ್ಲ. ಅವಳು ಒಂಟಿ ಕಾಲಿನಲ್ಲೇ, ಅಲುಗದೆ, ಕಿವಿಗೊಟ್ಟು ಕಾಯುತ್ತಿದ್ದಳು.